ಶಿವನಿಯ ಜಗಲಿಯಲ್ಲಿ ಕಡಲು

ಬೀರೂರು ಜಂಕ್ಷನ್ ಬಿಟ್ಟು ಹುಬ್ಬಳ್ಳಿ ಕಡೆಗೆ ಹೊರಟ ರೈಲಿಗೆ ಅಜ್ಜಂಪುರವಾದ ಮೇಲೆ ಶಿವನಿ ಸಿಗುತ್ತದೆ. ಸಣ್ಣ ನಿಲ್ದಾಣ. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದ ಊರು, ಈಗ ಅಜ್ಜಂಪುರ ತಾಲ್ಲೂಕಿನದು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ ಇದು. ರಾಗಿ, ಈರುಳ್ಳಿ, ತೆಂಗು, ಅಡಿಕೆ ಇಲ್ಲಿನ ಬೆಳೆ. ಕಡಲು ನೋಡಬೇಕೆಂದರೆ ಘಟ್ಟ ಇಳಿದೇ ಹೋಗಬೇಕು. ಅಂಥ ಊರಿನಲ್ಲಿ ಹೋದ ಬೇಸಿಗೆಯಲ್ಲಿ ನಾನು ಮೊಮ್ಮಕ್ಕಳ ಜೊತೆ ಕಡಲಿನ ತಳಕ್ಕೆ ಇಳಿದು ಬಂದೆ.

ಶಿವನಿಯ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಈಗ ಇರುವುದು ನನ್ನ ಅಕ್ಕ ಒಬ್ಬಳೇ. ಎಂಬತ್ತು ದಾಟಿದ್ದಾಳೆ. ಅವಳನ್ನು ನೋಡಿಕೊಂಡು ಬರಲು ಮೊಮ್ಮಗ, ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಮೊಬೈಲ್ ಮನೆಯಲ್ಲೇ ಬಿಟ್ಟು ಬನ್ನಿ ಎಂದಿದ್ದಕ್ಕೆ ಮಕ್ಕಳು ಅಂಗೈಯಗಲದ ಒಂದು ಪೆಟ್ಟಿಗೆ ತಂದಿದ್ದರು. ಒಳಗೆ ಒಂದು ಆಟ. ಹೆಸರು ‘ಡೀಪ್ ಸೀ ಅಡ್ವೆಂಚರ್’. ಜಪಾನಿನ ಓಯಿಂಕ್ ಗೇಮ್ಸ್ ಎಂಬ ಕಂಪನಿ 2014ರಲ್ಲಿ ಹೊರತಂದದ್ದು. ಆರು ಜನರವರೆಗೆ ಆಡಬಹುದು.

ಜಗಲಿಯ ಮೇಲೆ ಪೆಟ್ಟಿಗೆ ಬಿಚ್ಚಿದರೆ ದಾಳವೇ ಇಲ್ಲ! ರೈಲಿನಲ್ಲಿ ಆಡುತ್ತಾ ಸೀಟಿನ ಕೆಳಗೆ ಬೀಳಿಸಿಕೊಂಡಿದ್ದರು. ಮೊಮ್ಮಗನ ಮುಖ ಸಣ್ಣದಾಯಿತು. ಅಕ್ಕ ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ನಾಲ್ಕು ಕವಡೆ ಸುರಿದಳು. ನಮ್ಮ ಅಮ್ಮನ ಚೌಕಾಬಾರದ ಕವಡೆಗಳು. “ದಾಳ ಇಲ್ದಿದ್ರೇನು? ಒಂದು ಅಂಗಾತ ಬಿದ್ರೆ ಒಂದು, ಎರಡು ಬಿದ್ರೆ ಎರಡು. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಎಂಟು” ಎಂದಳು.

“ಅಜ್ಜಾ, ಇದು ಕಲ್ಲಾ?” ಎಂದು ಮೊಮ್ಮಗಳು ಒಂದು ಕವಡೆಯನ್ನು ಕಿವಿಗೆ ಹಿಡಿದಳು. ಕಲ್ಲಲ್ಲ ಮರಿ, ಕಡಲಿನ ಬಸವನಹುಳುವಿನ ಚಿಪ್ಪು ಎಂದೆ. ಹಿಂದೆ ಮಾಲ್ಡೀವ್ಸ್ ದ್ವೀಪಗಳಿಂದ ಕವಡೆ ಹಡಗು ತುಂಬಿ ಬರುತ್ತಿತ್ತು. ಬಂಗಾಳದ ಕಡೆ ಅದೇ ಚಿಲ್ಲರೆ ಹಣವಾಗಿ ಚಲಾವಣೆಯಲ್ಲಿತ್ತು. ಅದಕ್ಕೇ ಅಲ್ಲವೇ ನಾವು ಇಂದಿಗೂ ‘ಕವಡೆ ಕಾಸಿನ ಬೆಲೆಯಿಲ್ಲ’ ಎನ್ನುವುದು! ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ನೋಟು ಎಣಿಸಿದ ನಾನು, ಕಡಲಿನ ತಳದ ದುಡ್ಡು ನಮ್ಮ ಮನೆಯ ಗೂಡಿನಲ್ಲೇ ಇತ್ತೆಂದು ಅಂದು ಗಮನಿಸಿದೆ.

ಆಟ ಹೀಗಿದೆ. ಎಲ್ಲರೂ ಒಂದೇ ಜಲಾಂತರ್ಗಾಮಿಯಿಂದ ನೀರಿಗಿಳಿಯುತ್ತಾರೆ. ದಾರಿಯುದ್ದಕ್ಕೂ ನಿಧಿಯ ಬಿಲ್ಲೆಗಳು. ಆಳಕ್ಕೆ ಹೋದಷ್ಟೂ ಬೆಲೆ ಹೆಚ್ಚು. ಮೇಲಿನ ತ್ರಿಕೋನದ ಬಿಲ್ಲೆಗೆ ಸೊನ್ನೆಯಿಂದ 3 ಅಂಕ, ತಳದ ಷಟ್ಕೋನಕ್ಕೆ 12ರಿಂದ 15. ಆದರೆ ಎಲ್ಲರಿಗೂ ಸೇರಿ ಇರುವ ಗಾಳಿ 25 ಅಳತೆ ಮಾತ್ರ. ಸರದಿ ಬಂದಾಗಲೆಲ್ಲ ನಿಮ್ಮ ಕೈಯಲ್ಲಿ ಎಷ್ಟು ನಿಧಿಯಿದೆಯೋ ಅಷ್ಟು ಗಾಳಿ ಖರ್ಚು. ಬಿದ್ದ ಗರದಲ್ಲೂ ಅಷ್ಟೇ ಕಳೆಯಬೇಕು, ಹೊರೆ ಹೆಚ್ಚಾದರೆ ಈಜು ನಿಧಾನ ತಾನೆ! ಗಾಳಿ ಮುಗಿಯುವುದರೊಳಗೆ ಮೇಲೆ ಬರದವರ ನಿಧಿಯೆಲ್ಲ ಮತ್ತೆ ತಳಕ್ಕೆ. ಇಂಥ ಮೂರು ಸುತ್ತು.

ಮೊದಲ ಸುತ್ತಿನಲ್ಲಿ ಮೊಮ್ಮಗ ಸರಸರನೆ ಇಳಿದು ನಾಲ್ಕು ಬಿಲ್ಲೆ ಬಾಚಿದ. ಅವನನ್ನು ನೋಡಿ ಮೊಮ್ಮಗಳು ಮೂರು. ಲೆಕ್ಕದಲ್ಲಿ ನಾನೇನು ಕಡಿಮೆ ಎಂದು ನಾನೂ ಮೂರು. ಅಕ್ಕ ಮಾತ್ರ ಎರಡನೇ ಸಾಲಿನ ಒಂದು ಚೌಕದ ಬಿಲ್ಲೆ ಎತ್ತಿಕೊಂಡು ಹಿಂದೆ ತಿರುಗಿಬಿಟ್ಟಳು. ಮೊಮ್ಮಗನ ಸರದಿ ಬಂದಾಗ ನಾಲ್ಕು ಗಾಳಿ ಹೋಯಿತು, ಗರ ಬಿದ್ದದ್ದು ಮೂರು. ಒಂದು ಹೆಜ್ಜೆಯೂ ಮುಂದಕ್ಕೆ ಹೋಗಲಿಲ್ಲ! ನೋಡನೋಡುತ್ತ ಗಾಳಿ ಖಾಲಿ. ನಾವು ಮೂವರೂ ನೀರುಪಾಲು. ಅಕ್ಕನಿಗೆ 6 ಅಂಕ.

ಎರಡನೇ ಸುತ್ತೂ ಹೆಚ್ಚುಕಡಿಮೆ ಹಾಗೆಯೇ. “ದೊಡ್ಡಜ್ಜೀ, ನೀವ್ಯಾಕೆ ಒಂದೇ ತಗೋತೀರ?” ಎಂದು ಮೊಮ್ಮಗಳು ರೇಗಿದಳು.

“ಗಾಳಿ ಎಲ್ಲರಿಗೂ ಒಂದೇ ಅಲ್ವೇನೇ ಮರಿ? ನಮ್ಮ ಕೆರೆಗೆ ನೀರುಗಂಟಿ ಇದ್ದ. ತೂಬು ಎತ್ತಿ ನೀರು ಬಿಡೋನು ಅವನೊಬ್ಬನೇ. ಮೇಲಿನ ಗದ್ದೆಗೆ ಇಷ್ಟು ಹೊತ್ತು, ಕೆಳಗಿನ ಗದ್ದೆಗೆ ಇಷ್ಟು ಹೊತ್ತು. ಮಳೆ ಕಡಿಮೆ ಆದ ವರ್ಷ ಎಲ್ಲರಿಗೂ ಕಡಿಮೆ. ಒಬ್ಬ ಜಾಸ್ತಿ ತಿರುಗಿಸ್ಕೊಂಡ್ರೆ ಕೊನೇ ಗದ್ದೆ ಒಣಗ್ತಿತ್ತು. ಇದೂ ಅದೇ ಆಟ” ಎಂದಳು ಅಕ್ಕ.

ಮಕ್ಕಳು ನೀರುಗಂಟಿ ಎಂದರೆ ಯಾರು, ಅವನಿಗೆ ಸಂಬಳ ಎಷ್ಟು ಎಂದು ಕೇಳತೊಡಗಿದರು. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇಷ್ಟು ಕಾಳು, ಅದೇ ಅವನ ಕೂಲಿ ಎಂದು ಅವಳು ಹೇಳುತ್ತಿದ್ದಳು. ನನ್ನ ಕಣ್ಣು ಹಿತ್ತಲಿನ ಬಾವಿಯ ಕಡೆ ಹೋಯಿತು. ಅದರ ಮೇಲೆ ಈಗ ತಗಡು ಮುಚ್ಚಿದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾನು ಕೆಲಸದಲ್ಲಿದ್ದಾಗ ತಮ್ಮ ಅಡಿಕೆ ಹಾಕುತ್ತೇನೆಂದು ಬಂದ. ಸಾಲ ತೆಗೆದು ಅವನಿಗೆ ಕೊಳವೆಬಾವಿಯ ಖರ್ಚು ಕೊಟ್ಟವನು ನಾನು. ಮನೆಯ ಹಿಂದಿನ ತೋಟದಲ್ಲಿ 350 ಅಡಿ ಕೊರೆಸಿದೆವು. ನೀರು ಚಿಮ್ಮಿದಾಗ ಕಾಯಿ ಒಡೆದು, ಫೋಟೊ ತೆಗೆಸಿಕೊಂಡೆವು. ಎರಡನೇ ಬೇಸಿಗೆಗೆ ಅಕ್ಕನ ಸೇದುವ ಬಾವಿ ಬತ್ತಿತು. ಈ ಸೀಮೆಯಲ್ಲಿ ಮಣ್ಣಿನ ಕೆಳಗೆ ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಆಳದ ಬಿರುಕಿನಿಂದ ಪಂಪು ಎಳೆಯುತ್ತಾ ಹೋದರೆ ಮೇಲಿನ ಪದರದ ನೀರೂ ಇಳಿದು ಹೋಗುತ್ತದೆ. ಬೇಲಿ ಹಾಕಿ ಆಸ್ತಿ ಪಾಲು ಮಾಡಬಹುದು, ಬೇಲಿಯ ಕೆಳಗಿನ ನೀರು ಒಂದೇ. ಆಮೇಲೆ ಪಕ್ಕದ ತೋಟದವರು ನಮಗಿಂತ ಆಳಕ್ಕೆ ಕೊರೆಸಿದರು. ನಮ್ಮ ಕೊಳವೆಬಾವಿಯೂ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಅಕ್ಕ ಅಂದಿನಿಂದ ಬೀದಿ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತಳು. ಒಂದು ದಿನವೂ ಏನೂ ಅನ್ನಲಿಲ್ಲ.

ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳ ಹತ್ತಿರ ಕೂತು, “ಅಕ್ಕಾ, ನಿನ್ನ ಬಾವಿ ಬತ್ತಿಸಿದ್ದು ನಾನೇ. ದುಡ್ಡು ಕೊಟ್ಟಿದ್ದು ನಾನು” ಎಂದೆ.

“ಗೊತ್ತು ಕಣೋ” ಎಂದಳು. “ತೋಟ ಬೇಡ ಅಂತಿದ್ನಾ ನಾನು? ಕೊರೆಯೋ ಮುಂಚೆ ಒಂದು ಮಾತು ಕೇಳಿದ್ರೆ ಸಾಕಿತ್ತು.”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಮರುದಿನ ಬೆಳಿಗ್ಗೆ ಮಕ್ಕಳನ್ನು ಊರ ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗಿ ತೂಬು, ಕೋಡಿ ತೋರಿಸಿದೆ. ನಮ್ಮ ರಾಜ್ಯದಲ್ಲಿ ಇಂಥ ಕೆರೆಗಳು 36 ಸಾವಿರಕ್ಕೂ ಹೆಚ್ಚು. ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಸುರಂಗ ಕೊರೆದು ಭದ್ರಾ ನೀರನ್ನು ಚಿತ್ರದುರ್ಗದ ಕಡೆಗೆ ಹರಿಸುವ ಭದ್ರಾ ಮೇಲ್ದಂಡೆ ಯೋಜನೆಯ ವಿಷಯವನ್ನೂ ಹೇಳಿದೆ. “ಅಲ್ಲೂ ನೀರುಗಂಟಿ ಇರ್ತಾರಾ?” ಎಂದು ಮೊಮ್ಮಗ ಕೇಳಿದ. ಇರಲೇಬೇಕು, ಹೆಸರು ಬೇರೆ ಇರಬಹುದು ಎಂದೆ.

ಊರಿನಲ್ಲೇ ಕೆಲಸ ಬಲ್ಲವರೊಬ್ಬರನ್ನು ಕರೆಸಿ ಮಾತಾಡಿದೆ. ಹೆಂಚಿನ ಮಾಡಿಗೆ ದೋಣಿ ಕಟ್ಟಿ, ಮಳೆನೀರನ್ನು ಜಲ್ಲಿ, ಇದ್ದಿಲು, ಮರಳಿನ ತೊಟ್ಟಿಯಲ್ಲಿ ಸೋಸಿ ಹಳೆಯ ಬಾವಿಗೆ ಬಿಡುವ ಏರ್ಪಾಡು. ಈ ಸಲ ಅಕ್ಕನನ್ನು ಮೊದಲು ಕೇಳಿದೆ. “ಮಾಡ್ಸು” ಎಂದಳು. ಮಳೆಗಾಲದಲ್ಲಿ ಫೋನು ಮಾಡಿ ತಳದಲ್ಲಿ ಮೊಣಕಾಲುದ್ದ ನೀರಿದೆ ಎಂದಳು. ಸೇದುವಷ್ಟಾಗಲು ಇನ್ನೂ ಎಷ್ಟು ಮಳೆ ಬೇಕೋ. ಸುತ್ತಲಿನ ತೋಟದವರೂ ಮನಸ್ಸು ಮಾಡಬೇಕು.

ಹೊರಡುವ ಮುನ್ನ ಉಳಿದಿದ್ದ ಮೂರನೇ ಸುತ್ತು ಆಡಿದೆವು. ಇಳಿಯುವ ಮೊದಲೇ ಮೊಮ್ಮಗ, “ಎಲ್ಲರೂ ಎರಡೆರಡೇ ತಗೊಳ್ಳೋಣ, ಆಯ್ತಾ?” ಎಂದ. ಅಕ್ಕನಿಗೆ ನಾಲ್ಕೂ ಕವಡೆ ಬೋರಲು ಬಿದ್ದು ಎಂಟಾಯಿತು, ಒಂದೇ ನೆಗೆತಕ್ಕೆ ಮೇಲೆ ಬಂದಳು. ಕೊನೆಗೆ ಮೊಮ್ಮಗಳು ಬಂದಾಗ ಗಾಳಿ ಎರಡು ಉಳಿದಿತ್ತು.

ಹೊಸ ದಾಳ ಕೊಳ್ಳುತ್ತೇನೆಂದರೆ ಮಕ್ಕಳು ಬೇಡವೆನ್ನುತ್ತಾರೆ. ಆ ನಾಲ್ಕು ಕವಡೆ ಈಗ ಜಪಾನಿನ ಪೆಟ್ಟಿಗೆಯಲ್ಲಿವೆ. ಮುಂದಿನ ರಜೆಗೆ ಅದನ್ನು ಮತ್ತೆ ಶಿವನಿಗೆ ಒಯ್ಯಬೇಕೆಂದು ದೊಡ್ಡಜ್ಜಿಯ ಅಪ್ಪಣೆ.