ಚೊಚ್ಚಲ ಸರಕಿನ ಹಾದಿ: ಪೀಣ್ಯದಿಂದ ವೈಟ್‌ಫೀಲ್ಡಿಗೆ

ಬೆಂಗಳೂರಿನ ಹೊರವಲಯಗಳನ್ನು ನೋಡಿ ಬರುವುದು ಈಗ ಹಿಂದಿನಷ್ಟು ಪ್ರಯಾಸದ ಕೆಲಸವಲ್ಲ. ವಾಯವ್ಯದ ಪೀಣ್ಯಕ್ಕೆ 2014ರಲ್ಲಿಯೇ ಮೆಟ್ರೋ ರೈಲು ಬಂದಿತು. ಪೂರ್ವದ ವೈಟ್‌ಫೀಲ್ಡಿಗೆ 2023ರಲ್ಲಿ. ಎಲೆಕ್ಟ್ರಾನಿಕ್ ಸಿಟಿಯನ್ನು ಹಾದು ಬೊಮ್ಮಸಂದ್ರದವರೆಗೆ ಹೋಗುವ ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟ್ ತಿಂಗಳಲ್ಲಿ. ಈ ಕಡೆಯ ಮಾರ್ಗದ ಆರಂಭವೇ ಒಂದು ವಿಶೇಷ. ಹತ್ತೊಂಬತ್ತು ಕಿಲೋಮೀಟರ್ ಉದ್ದದ ಹಾದಿಯೂ ಹದಿನಾರು ನಿಲ್ದಾಣಗಳೂ ಸಿದ್ಧವಾಗಿದ್ದುವು. ರೈಲುಗಳು ಮಾತ್ರ ಮೂರೇ ಇದ್ದುವು. ಆ ಮೂರನ್ನೇ ಇಪ್ಪತ್ತೈದು ನಿಮಿಷಕ್ಕೊಂದರಂತೆ ಓಡಿಸಿ ಮಾರ್ಗವನ್ನು ತೆರೆದರು. ಜನ ಗೊಣಗಿದರು, ಗೊಣಗುತ್ತಲೇ ಹತ್ತಿದರು. ಸಿಲ್ಕ್ ಬೋರ್ಡಿನ ವಾಹನಸಂದಣಿಯಲ್ಲಿ ಆಯುಷ್ಯ ಕಳೆದವನಿಗೆ ಇಪ್ಪತ್ತೈದು ನಿಮಿಷದ ಕಾಯುವಿಕೆ ಒಂದು ಕಷ್ಟವೆ? ಉಳಿದ ರೈಲುಗಳು ಅನಂತರ ಒಂದೊಂದಾಗಿ ಬಂದು ಕೂಡಿಕೊಂಡುವು.

ಹೊಸ ಉದ್ಯಮಗಳನ್ನು ಹೂಡುವ ತರುಣರು ಇಂಥ ಆರಂಭಕ್ಕೆ ‘ಮಿನಿಮಮ್ ವಯಬಲ್ ಪ್ರಾಡಕ್ಟ್’ ಎಂದು ಹೆಸರಿಟ್ಟುಕೊಂಡಿದ್ದಾರೆ. ಅಮೆರಿಕದ ಎರಿಕ್ ರೀಸ್ 2011ರಲ್ಲಿ ಬರೆದ ಪುಸ್ತಕದಿಂದ ಈ ಮಾತು ಲೋಕವ್ಯಾಪಿಯಾಯಿತು. ಕನ್ನಡದಲ್ಲಿ ಇದನ್ನು ‘ಕನಿಷ್ಠ ಸರಕು’ ಎಂದರೆ ಅರ್ಥ ಕೆಡುತ್ತದೆ. ‘ವಯಬಲ್’ ಎಂದರೆ ಬದುಕಬಲ್ಲದ್ದು. ಕರು ಹುಟ್ಟಿದ ಗಳಿಗೆಯಲ್ಲಿ ಅದಕ್ಕೆ ಕೊಂಬಿರಬೇಕಾಗಿಲ್ಲ. ತನ್ನ ಕಾಲ ಮೇಲೆ ಎದ್ದು ನಿಂತು ಕೆಚ್ಚಲು ಹುಡುಕಿದರೆ ಸಾಕು.

ಈ ವಿಚಾರ ಕನ್ನಡದ ಮೇಷ್ಟ್ರಿಗೇಕೆ ಬೇಕಾಯಿತೆಂದು ಓದುಗರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸ ಬಿಟ್ಟು ಗೆಳೆಯನೊಡನೆ ಉದ್ಯಮವೊಂದಕ್ಕೆ ಕೈಹಾಕಿದ್ದಾನೆ. ವೈಟ್‌ಫೀಲ್ಡಿನ ವಸತಿ ಸಮುಚ್ಚಯಗಳಿಗೆ ಟ್ಯಾಂಕರಿನಲ್ಲಿ ಬರುವ ನೀರು ನಿಜಕ್ಕೂ ಎಷ್ಟು ಲೀಟರ್ ಎಂದು ಅಳೆದು, ಮೊಬೈಲಿಗೆ ತಿಳಿಸುವ ಉಪಕರಣವನ್ನು ಮಾಡಬೇಕೆಂಬುದು ಅವನ ಸಂಕಲ್ಪ. ಬಂಡವಾಳ ಎಂಟು ಲಕ್ಷ ರೂಪಾಯಿ; ತಂದೆ ನಿವೃತ್ತರಾದಾಗ ಬಂದ ಹಣದ ಭಾಗ. ತಂಗಿಯ ಓದು ಇನ್ನೂ ಮುಗಿದಿಲ್ಲ. ಉಪಕರಣವನ್ನು ಮಾಡುವ ಬಗೆ ಹೇಗೆ ಎಂಬುದನ್ನು ನಿಶ್ಚಯಿಸುವ ಮುನ್ನ ಮೂರು ದಿಕ್ಕಿಗೂ ಹೋಗಿ ನೋಡುವೆನೆಂದ. ರಜೆಯಿತ್ತು, ನಾನೂ ಹೊರಟೆ.

ಮೊದಲು ಪೀಣ್ಯ. 1970ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶಕ್ಕೆ ನೆರೆಯ ಜಾಲಹಳ್ಳಿಯ ಎಚ್.ಎಂ.ಟಿ., ಬಿ.ಇ.ಎಲ್.ಗಳಂಥ ದೊಡ್ಡ ಕಾರ್ಖಾನೆಗಳೇ ಸಾಕುತಾಯಂದಿರು. ಅವಕ್ಕೆ ಬೇಕಾದ ಬಿಡಿಭಾಗಗಳನ್ನು ಕೊರೆದು ಕೊಡುತ್ತ ಎಷ್ಟೋ ಸಣ್ಣ ಷೆಡ್ಡುಗಳು ಬೆಳೆದುವು. ಬೀದಿಗೆ ಕಾಲಿಟ್ಟೊಡನೆ ಕೂಲಂಟ್ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಲೇತಿನ ಸುರುಳಿ ಚೂರುಗಳು ಬಾಗಿಲ ಬದಿಯಲ್ಲಿ ಗುಡ್ಡೆಯಾಗಿ ಹೊಳೆಯುತ್ತಿರುತ್ತವೆ. ಎದುರಿನ ಸಣ್ಣ ಹೋಟೆಲಿನಲ್ಲಿ ನೀಲಿ ಅಂಗಿಯ ಹುಡುಗರು ನಿಂತಂತೆಯೇ ಚಿತ್ರಾನ್ನ ತಿನ್ನುತ್ತಾರೆ.

ಅಚ್ಚು ಮಾಡುವ ಷೆಡ್ಡೊಂದರ ಮಾಲೀಕರು ಅರವತ್ತು ದಾಟಿದವರು. ನನ್ನ ಶಿಷ್ಯ ಕಾಗದದ ಮೇಲೆ ಬರೆದು ತಂದಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯ ನಕ್ಷೆಯನ್ನು ಕನ್ನಡಕವೇರಿಸಿ ನೋಡಿದರು.

“ಎಷ್ಟು ಬೇಕಪ್ಪ?”

“ಮೊದಲಿಗೆ ಹತ್ತು ಸಾಕು ಸಾರ್. ಆಮೇಲೆ ಸಾವಿರ.”

“ಆಮೇಲಿನದು ಇರಲಿ. ಹತ್ತಕ್ಕೆ ಉಕ್ಕಿನ ಅಚ್ಚು ಮಾಡಿಸ್ತೀಯಾ? ಲಕ್ಷಗಟ್ಟಲೆ ಆಗುತ್ತೆ. ನಾಳೆ ನಿನ್ನ ಬೋರ್ಡು ಅರ್ಧ ಅಂಗುಲ ದೊಡ್ಡದಾದರೆ ಅಚ್ಚನ್ನು ಕುತ್ತಿಗೆಗೆ ಕಟ್ಟಿಕೊಂಡು ತಿರುಗಬೇಕು. ಎಸ್.ಪಿ. ರೋಡಿಗೆ ಹೋಗು, ಸಿದ್ಧ ಪೆಟ್ಟಿಗೆ ಸಿಗುತ್ತೆ. ತೂತು ನಾನು ಕೊರೆದು ಕೊಡ್ತೀನಿ.”

ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ಗಾದೆಯನ್ನು ಅವರು ಆಡಲಿಲ್ಲ, ಆಡಿದಂತೆಯೇ ಆಯಿತು. ಬಂದ ಕೆಲಸವನ್ನು ಹೀಗೆ ತಾವಾಗಿ ಬಿಟ್ಟುಕೊಡುವ ವ್ಯಾಪಾರಿಗಳು ಪೀಣ್ಯದಲ್ಲಿ ಇನ್ನೂ ಇದ್ದಾರೆಂಬುದು ನನಗೆ ಸಂತೋಷದ ವಿಷಯ. ಶಿಷ್ಯನಿಗೆ ಮಾತ್ರ ಸಮಾಧಾನವಿಲ್ಲ. “ಅರೆಬೆಂದದ್ದನ್ನು ಬಡಿಸಿದರೆ ಮರ್ಯಾದೆ ಹೋಗುತ್ತೆ ಸಾರ್,” ಎಂದ.

ಅವನ ಅಂಜಿಕೆ ತಳ್ಳಿಹಾಕುವಂಥದಲ್ಲ. ಹಾಗೆಂದು ಎಲ್ಲವನ್ನೂ ಒಂದೇ ಎಲೆಯಲ್ಲಿ ಬಡಿಸಹೊರಟರೆ ಏನಾದೀತೆಂಬುದಕ್ಕೂ ಪೀಣ್ಯದ ಮಗ್ಗುಲಲ್ಲೇ ನಿದರ್ಶನವುಂಟು. ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ ಕಲ್ಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಬಿ.ಇ.ಎಲ್. ತಯಾರಿಸಿತು. ಓದುಬಾರದ ಹಳ್ಳಿಗನಿಗೂ ಅದು ಅವನ ಭಾಷೆಯಲ್ಲಿ ಮಾತನಾಡಬೇಕು, ಇಡೀ ಊರು ಅದನ್ನು ಹಂಚಿಕೊಳ್ಳಲು ಕಾರ್ಡಿನ ವ್ಯವಸ್ಥೆ ಇರಬೇಕು, ಬೆಲೆಯೂ ಕಡಿಮೆಯಿರಬೇಕು! ಆಶಯ ಉದಾತ್ತ, ಜಾಣ್ಮೆಗೂ ಕೊರತೆಯಿರಲಿಲ್ಲ. ಮಾರಾಟ ಮಾತ್ರ ಕೆಲವು ಸಾವಿರಕ್ಕೇ ನಿಂತಿತು. ಅಷ್ಟರಲ್ಲಿ ಅಗ್ಗದ ಮೊಬೈಲುಗಳು ಬಂದಿದ್ದುವೆಂಬುದೂ ನಿಜ. ಆದರೂ, ಎಲ್ಲರಿಗೂ ಎಲ್ಲವನ್ನೂ ಕೊಡಹೊರಟದ್ದು ಮೊದಲ ಹೆಜ್ಜೆಯನ್ನೇ ಭಾರ ಮಾಡಿತೆಂದು ನನ್ನ ಅಭಿಪ್ರಾಯ.

ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಬಂದು, ಅಲ್ಲಿ ರೈಲು ಬದಲಿಸಿ ಬೊಮ್ಮಸಂದ್ರಕ್ಕೆ ಹೋದೆವು. ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳು ಕಂಡುವು. ಕಿಯೋನಿಕ್ಸಿನ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಇಲ್ಲಿನ ಹೊಲಗಳ ನಡುವೆ ಎಲೆಕ್ಟ್ರಾನಿಕ್ಸ್ ನಗರದ ಕನಸು ಕಂಡಾಗ ನಕ್ಕವರೇ ಹೆಚ್ಚಿದ್ದಿರಬೇಕು. ನಮ್ಮ ಕುತೂಹಲವಿದ್ದದ್ದು ಅದರಾಚೆಯ ಬೊಮ್ಮಸಂದ್ರದಲ್ಲಿ. ಚೇತನ್ ಮೈನಿಯವರ ‘ರೇವಾ’ ವಿದ್ಯುತ್ ಕಾರು ಹುಟ್ಟಿದ್ದು ಈ ಪ್ರದೇಶದಲ್ಲಿ, 2001ರಲ್ಲಿ ಅದು ಮಾರುಕಟ್ಟೆಗೆ ಬಂದಿತು.

ಅದೆಂಥ ಕಾರು! ಎರಡೇ ಬಾಗಿಲು, ದೊಡ್ಡವರಿಬ್ಬರು, ಹಿಂದೆ ಮಕ್ಕಳಿಬ್ಬರು. ಸೀಸದ ಎಂಟು ಬ್ಯಾಟರಿಗಳು. ಒಮ್ಮೆ ವಿದ್ಯುತ್ತು ತುಂಬಿದರೆ ಸುಮಾರು ಎಂಬತ್ತು ಕಿಲೋಮೀಟರ್ ಓಟ. ಪ್ರತ್ಯೇಕ ಚಾರ್ಜಿಂಗ್ ನಿಲ್ದಾಣ ಬೇಕಿಲ್ಲ, ಮನೆಯ ಗೀಸರಿನ ಪ್ಲಗ್ಗೇ ಸಾಕು. ಕಾರಿನ ಹೊರಮೈಯನ್ನು ಉಕ್ಕಿನ ತಗಡಿನಲ್ಲಿ ಒತ್ತಿ ಮಾಡಬೇಕಾದರೆ ಅದರ ಅಚ್ಚುಗಳಿಗೇ ಕೋಟಿಗಟ್ಟಲೆ ಸುರಿಯಬೇಕು. ರೇವಾದವರು ಉಕ್ಕಿನ ಕೊಳವೆಗಳ ಹಂದರವೊಂದನ್ನು ಕಟ್ಟಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ತೊಡಿಸಿದರು. ಪೀಣ್ಯದ ಹಿರಿಯರ ಬುದ್ಧಿಯೇ ಇದು! ಊರಿನೊಳಗೆ ಓಡಾಡುವವನಿಗೆ ಬೇಕಾದುದಷ್ಟನ್ನು ಅವರು ಇಟ್ಟರು. ಉಳಿದುದನ್ನು ಧೈರ್ಯವಾಗಿ ಬಿಟ್ಟರು. 2004ರಿಂದ ಲಂಡನ್ನಿನ ಬೀದಿಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಿತು. ನಕ್ಕವರೂ ಕೊಂಡವರೂ ಇದ್ದರು. ಒಟ್ಟು ಮಾರಾಟ ಐದು ಸಾವಿರವನ್ನು ಮುಟ್ಟಲಿಲ್ಲ. 2010ರಲ್ಲಿ ಸಂಸ್ಥೆ ಮಹೀಂದ್ರದವರ ಕೈಸೇರಿತು. ಸಂಖ್ಯೆಯನ್ನು ನೋಡಿದರೆ ಸಿಂಪ್ಯೂಟರಿಗಿಂತ ಹೆಚ್ಚೇನಲ್ಲವೆಂದು ಶಿಷ್ಯ ವಾದಿಸಿದ. ವಾದ ಸರಿಯೆ. ಆದರೆ ರೇವಾ ವರ್ಷಗಟ್ಟಲೆ ರಸ್ತೆಯ ಮೇಲಿತ್ತು. ಸವಾರರ ದೂರುಗಳು ತಯಾರಕರ ಕಿವಿಗೆ ಬೀಳುತ್ತಿದ್ದುವು. ಅರೆಬೆಂದ ಅನ್ನ ಬೇರೆ, ಗಂಜಿ ಬೇರೆ. ಗಂಜಿ ಬಡವರ ಊಟವಾದರೂ ಪೂರ್ತಿ ಬೆಂದದ್ದು.

ಮರುದಿನ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡಿಗೆ. 1882ರಲ್ಲಿ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬವರು ಮೈಸೂರು ಮಹಾರಾಜರಿಂದ ಭೂಮಿ ಪಡೆದು ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಕಟ್ಟಿದ ಊರಿದು. ಆ ಕೃಷಿಕ ನೆಲೆಯ ಹೆಸರನ್ನು ಹೊತ್ತು ಇಂದು ಐ.ಟಿ. ಕಚೇರಿಗಳೂ ಬಹುಮಹಡಿಗಳೂ ನಿಂತಿವೆ. ಏಥರ್ ಸಂಸ್ಥೆ ತನ್ನ ಮೊದಲ ವಿದ್ಯುತ್ ಸ್ಕೂಟರುಗಳನ್ನು ತಯಾರಿಸಿದ್ದು ಇಲ್ಲಿಯೇ. 2018ರಲ್ಲಿ ಅವನ್ನು ಬೆಂಗಳೂರೊಂದರಲ್ಲೇ ಮಾರಿದರು, ಅದೂ ಚಾರ್ಜಿಂಗ್ ನೆಲೆಗಳನ್ನು ಮೊದಲು ನೆಟ್ಟು.

ಇಲ್ಲಿನ ಬಹುಮಹಡಿಗಳಿಗೆ ನೀರೇ ಚಿಂತೆ. 2024ರ ಬೇಸಗೆಯ ಹಾಹಾಕಾರದಲ್ಲಿ ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ಗೊತ್ತುಮಾಡಬೇಕಾಯಿತು: ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ದರವೇನೋ ಗೊತ್ತಾಯಿತು, ಹನ್ನೆರಡು ಸಾವಿರವೇ ಬಂದಿತೆಂದು ಹೇಳುವವರು ಯಾರು?

ಸಮುಚ್ಚಯವೊಂದರ ಕಾರ್ಯದರ್ಶಿಗಳು ನಿವೃತ್ತ ಇಂಜಿನಿಯರು. ಶಿಷ್ಯನ ವಿವರಣೆಯನ್ನೆಲ್ಲ ಕೇಳಿ, ನಮ್ಮನ್ನು ನೆಲದೊಳಗಿನ ನೀರಿನ ತೊಟ್ಟಿಯ ಬಳಿಗೆ ಕರೆದೊಯ್ದರು. “ಇದು ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ. ನೀರು ಒಂದು ಸೆಂಟಿಮೀಟರ್ ಏರಿದರೆ 120 ಲೀಟರ್. ಪಂಪು ನಿಲ್ಲಿಸಿ ಟ್ಯಾಂಕರ್ ಖಾಲಿ ಮಾಡಿಸಿದರೆ ನೂರು ಸೆಂಟಿಮೀಟರ್ ಏರಬೇಕು. ಗುರುತು ಹಾಕಿದ ಕೋಲು ಸಾಕಲ್ಲಪ್ಪ! ನಿಮ್ಮ ಉಪಕರಣ ಬೇಡವೆಂದಲ್ಲ. ಕೋಲಿನ ಲೆಕ್ಕವನ್ನು ದಿನಾ ಬರೆದಿಡುವವರು ನಮ್ಮಲ್ಲಿ ಯಾರೂ ಇಲ್ಲ. ಇನ್ನೊಂದು ಮಾತು. ಬೆಳಗ್ಗೆ ಆರಕ್ಕೆ ಟ್ಯಾಂಕರ್ ಬರುತ್ತೋ ಇಲ್ಲವೋ ಅಂತ ಹಿಂದಿನ ರಾತ್ರಿ ತಿಳಿಸಿದರೆ, ಅದಕ್ಕೆ ಮೊದಲು ದುಡ್ಡು ಕೊಡ್ತೀವಿ.”

ಹಿಂದಿರುಗುವ ರೈಲಿನಲ್ಲಿ ಶಿಷ್ಯ ಬಹಳ ಹೊತ್ತು ಮಾತಾಡಲಿಲ್ಲ. ಅವನ ಚೀಲದಲ್ಲಿ ಎರಡು ದರಪಟ್ಟಿಗಳಿದ್ದುವು. ಒಂದು ಅಚ್ಚಿನದು, ಇನ್ನೊಂದು, ಉಪಕರಣ ಮತ್ತು ಮೊಬೈಲ್ ತಂತ್ರಾಂಶವೆರಡನ್ನೂ ಪೂರ್ತಿ ಮಾಡಿಕೊಡುವೆವೆಂದ ಸಂಸ್ಥೆಯದು. ಎರಡನ್ನೂ ಕೂಡಿದರೆ ತಂದೆಯ ಹಣದಲ್ಲಿ ಉಳಿಯುತ್ತಿದ್ದುದು ಅರವತ್ತು ಸಾವಿರ. ಇಂದಿರಾನಗರ ದಾಟಿದ ಮೇಲೆ ಅವನ್ನು ತೆಗೆದು, ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದ: ಕೋಲು, ನೋಟುಪುಸ್ತಕ, ಎಸ್.ಪಿ. ರಸ್ತೆಯ ಪೆಟ್ಟಿಗೆ, ಪೇಟೆಯಲ್ಲಿ ಸಿಗುವ ನೀರಿನ ಮೀಟರು, ರಾತ್ರಿ ಎಂಟಕ್ಕೆ ಟ್ಯಾಂಕರಿನವರಿಗೆ ತಾನೇ ಫೋನು.

ಅನಂತರ ಒಂದು ತಿಂಗಳು ಮೂರು ಸಮುಚ್ಚಯಗಳ ಗೇಟಿನಲ್ಲಿ ಗೆಳೆಯರಿಬ್ಬರೂ ಬೆಳಗ್ಗೆ ಐದೂವರೆಗೆ ಸರದಿಯಂತೆ ನಿಂತರಂತೆ. ಎರಡು ಸಮುಚ್ಚಯದವರು ಮುಂದಿನ ತಿಂಗಳಿಗೂ ಹಣ ಕೊಟ್ಟಿದ್ದಾರೆ. ಮೂರನೆಯವರು ಕೋಲನ್ನು ಇಟ್ಟುಕೊಂಡು ಇವರನ್ನು ಬಿಟ್ಟರು. ಖರ್ಚು ಇನ್ನೂ ನಲವತ್ತು ಸಾವಿರ ದಾಟಿಲ್ಲ. ಪೀಣ್ಯದ ಹಿರಿಯರು ಆರು ಪೆಟ್ಟಿಗೆಗಳಿಗೆ ತೂತು ಕೊರೆದು ಕೊಟ್ಟು, ಕೂಲಿಯನ್ನು ಮಾತ್ರ ಕಟ್ಟುನಿಟ್ಟಾಗಿ ಎಣಿಸಿಕೊಂಡರಂತೆ.