ಕಥೆಯೊಳಗಿನ ಅಣ್ಣ-ತಮ್ಮ

ಎಸ್.ಎಸ್.ಎಲ್.ಸಿ.ಗೇ ಓದು ನಿಂತವಳು ಕಥೆ ಬರೆಯುವುದೇ ಎಂದು ಸೋದರಿಯರು ನಗಬೇಡಿ. ರೊಟ್ಟಿ ಬಡಿಯುವಾಗಲೇ ನನಗೆ ಕಥೆ ಹೊಳೆಯುವುದು.

ಹೋದ ವರ್ಷ ಬರೆದ ಕಥೆಗೆ ಇಬ್ಬರು ನಾಯಕರು. ಅಣ್ಣ ಭಾಲ್ಕಿಯಲ್ಲಿ ಅಂಗಡಿ ಇಟ್ಟವನು, ಲಿಂಗಪೂಜೆ ಆಗದೆ ನೀರೂ ಮುಟ್ಟದವನು. ತಮ್ಮ ಔರಾದಿನಲ್ಲಿ ಮಾಸ್ತರ, ದೇವರೆಂದರೆ ನಗುವವನು. ಕಡೆಗೆ ತಮ್ಮ ಕೆಟ್ಟು, ಅಣ್ಣನ ಕಾಲಿಗೆ ಬೀಳುತ್ತಾನೆ. ನಿಜ ಹೇಳಲೇ? ಇಬ್ಬರೂ ನನ್ನ ಒಡಹುಟ್ಟಿದವರೇ. ತಮ್ಮ ಕೊರಳಿನ ಲಿಂಗ ತೆಗೆದಿಟ್ಟ ದಿನ ಅಪ್ಪ ಉಣ್ಣಲಿಲ್ಲ. ಆ ಸಿಟ್ಟು ನನ್ನ ಪೆನ್ನಿನಲ್ಲಿತ್ತು.

ಮಗಳು ಓದಿ, "ಅವ್ವಾ, ಸಣ್ಣ ಮಾಮಾ ಯಾಕ ಬದಲಾದ ಅಂತ ನೀ ಬರದೇ ಇಲ್ಲ. ನೀನೇ ಕುತ್ತಿಗಿ ಹಿಡಿದು ಬಗ್ಗಿಸಿದಂಗ ಅದ" ಅಂದಳು.

ಅವಮಾನವಾಯಿತು. ಲೈಬ್ರರಿಯಿಂದ ಎರಡು ಪುಸ್ತಕ ತಂದೆ. ಅನಂತಮೂರ್ತಿಯವರ 'ಸಂಸ್ಕಾರ' (1965)ದಲ್ಲಿ ಪ್ರಾಣೇಶಾಚಾರ್ಯರು ಶಾಸ್ತ್ರ ಅರೆದು ಕುಡಿದವರು. ನಾರಣಪ್ಪ ಎಲ್ಲ ನೇಮ ಮುರಿದವನು. ಅವನು ಮೊದಲಿಗೇ ಸಾಯುತ್ತಾನೆ. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಯೇ ಆಚಾರ್ಯರನ್ನು ಒಳಗಿಂದ ಅಲ್ಲಾಡಿಸುತ್ತದೆ. ಗಿರೀಶ ಕಾರ್ನಾಡರ 'ತಲೆದಂಡ' (1990) ನಮ್ಮದೇ ಜಿಲ್ಲೆಯ ಕಲ್ಯಾಣದ್ದು. ಅದರಲ್ಲಿ ಬಸವಣ್ಣನವರೂ ಜಗದೇವನೂ ಒಂದೇ ನಂಬಿಕೆಯವರು. ಆದರೆ ಜಗದೇವ ಬಿಜ್ಜಳನ ಕೊಲೆಗೆ ಕೈ ಎತ್ತುತ್ತಾನೆ. ನಂಬಿಕೆ ಒಂದೇ ಆದರೂ ಮನುಷ್ಯರು ಬೇರೆ!

ಶ್ರಾವಣದಲ್ಲಿ ಅಪ್ಪ ಔಷಧಕ್ಕೆಂದು ಬೀದರಿನ ನಮ್ಮ ಮನೆಗೆ ಬಂದವರು ಹಾಸಿಗೆ ಹಿಡಿದರು. ಅಣ್ಣ ವಿಭೂತಿ ತಂದು, ಹೊಲಸಾದ ಹಾಸಿಗೆ ನೋಡಿ ಬಾಗಿಲಲ್ಲೇ ನಿಂತ. ತಮ್ಮ ಬಂದು ಮೈ ಒರೆಸಿದ, ಅರಿವೆ ಒಗೆದ. ಬೆಳಿಗ್ಗೆ ಪೂಜೆಗೆ ಅಪ್ಪನ ಕೈ ನಡುಗಿದಾಗ, ಲಿಂಗ ಬೀಳದಂತೆ ತನ್ನ ಅಂಗೈಯನ್ನು ಅವರ ಅಂಗೈ ಕೆಳಗೆ ಆನಿಸಿ ಕುಳಿತ.

"ಈಗರೆ ನಂಬಿಕಿ ಬಂತೇನೋ?" ಅಂದೆ.

"ಇಲ್ಲಕ್ಕಾ. ಅಪ್ಪನ ಕೈ ನಡುಗತದ, ಅಷ್ಟೇ."

ಆ ರಾತ್ರಿ ಅಣ್ಣ ಅಡಿಗೆಮನೆಗೆ ಬಂದು ಅತ್ತ. "ಇಷ್ಟು ವರ್ಷ ಪೂಜಿ ಮಾಡೀನಿ ತಂಗೀ, ಅಪ್ಪನ ಮೈ ಮುಟ್ಟಲಿಕ್ಕೆ ಕೈ ಬರವಲ್ದು." ಮರುದಿನ ಬಕೇಟು ಅವನ ಕೈಯಲ್ಲಿತ್ತು.

ಈಗ ಅಪ್ಪ ಇಲ್ಲ. ಹಳೆಯ ಕಥೆ ಒಲೆಗೆ ಹಾಕಿ ಮತ್ತೆ ಬರೆಯುತ್ತಿದ್ದೇನೆ. ಕೊನೆ ಇನ್ನೂ ಹೊಳೆದಿಲ್ಲ. ತಮ್ಮ ಲಿಂಗ ಕಟ್ಟಿಕೊಂಡಿಲ್ಲ. ಕಥೆಯಲ್ಲಾದರೂ ಕಟ್ಟಿಸಬೇಕೆಂಬ ಅವಸರ ಈಗ ನನಗಿಲ್ಲ.