ಶಂಕರಪುರದಿಂದ ಅಕ್ಕನಿಗೆ

ಶಂಕರಪುರ, ಭಾನುವಾರ

ಪ್ರೀತಿಯ ಅಕ್ಕಾ,

ಕಟಪಾಡಿಯಲ್ಲಿ ಶಿರ್ವದ ಬಸ್ಸು ಹತ್ತಿ ನಿನ್ನೆ ಸಂಜೆ ಇಲ್ಲಿಗೆ ಬಂದೆ. ಎಲ್ಲಿ ನೋಡಿದರೂ ಅಂಗಳದಲ್ಲಿ ಮಲ್ಲಿಗೆ ಗಿಡ. ಬೆಳಗ್ಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಲು ಕೂರುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹೂವಿನ ಸುದ್ದಿ ಮನೆಗೆ ಬಂದ ಮೇಲೆ ಹೇಳುತ್ತೇನೆ. ಈ ಕಾಗದ ಪುಟ್ಟಿಗಾಗಿ.

ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಎಂದು ಗೊತ್ತಾದ ಮೇಲೆ ಅವಳು ಚೈನೀಸ್ ಸಲಾಡ್ ಬಿಟ್ಟು ಎಷ್ಟು ಸಪ್ಪಗಾಗಿದ್ದಾಳೆ! ತರಕಾರಿಯದೇನೂ ತೊಂದರೆಯಿಲ್ಲ, ತೊಂದರೆ ಇರುವುದು ಸೋಯಾ ಸಾಸಿನಲ್ಲಿ. ಸಾಮಾನ್ಯವಾಗಿ ಅದನ್ನು ಸೋಯಾ ಕಾಳಿನ ಜೊತೆ ಗೋಧಿಯನ್ನೂ ಹುದುಗಿಸಿ ಮಾಡುತ್ತಾರೆ. ಜಪಾನಿನ ತಮಾರಿಯಲ್ಲಿ ಗೋಧಿ ಇರುವುದಿಲ್ಲ, ಇದ್ದರೂ ತೀರ ಕಡಿಮೆ. ಅದರ ಮೇಲೂ ಗ್ಲುಟೆನ್ ಇಲ್ಲ ಎಂದು ಬರೆದಿದ್ದರೆ ಮಾತ್ರ ಕೊಳ್ಳು. ಹಾಗೆ ಬರೆಯಬೇಕಾದರೆ ನಮ್ಮ ದೇಶದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು.

ನಾನು ಉಳಿದಿರುವ ಮನೆಯ ಅಮ್ಮನಿಗೆ ಇದನ್ನು ಹೇಳಿದರೆ, "ಹುಣಸೆಹುಳಿ ಉಂಟಲ್ಲ, ಸೋಯಾ ಎಂತಕ್ಕೆ?" ಎಂದರು. ಇಬ್ಬರೂ ಸೇರಿ ಮಾಡಿಯೇಬಿಟ್ಟೆವು. ಗಟ್ಟಿ ಹುಣಸೆರಸ ಎರಡು ಚಮಚ, ಬೆಲ್ಲದ ಪುಡಿಯೂ ಅಷ್ಟೇ, ಉಪ್ಪು, ತುರಿದ ಶುಂಠಿ, ಜಜ್ಜಿದ ಒಂದೆಸಳು ಬೆಳ್ಳುಳ್ಳಿ, ಒಂದೇ ಒಂದು ಗಾಂಧಾರಿ ಮೆಣಸು. ಬೆಲ್ಲ ಕರಗಿದ ಮೇಲೆ ಒಂದು ಚಮಚ ಹುರಿದು ಕುಟ್ಟಿದ ಎಳ್ಳು, ಮೂರು ಚಮಚ ಎಳ್ಳೆಣ್ಣೆ ಹಾಕಿ ಬಾಟಲಿಯಲ್ಲಿ ಚೆನ್ನಾಗಿ ಕುಲುಕಬೇಕು. ಸೋಯಾದ ರುಚಿ ಪೂರ್ತಿ ಬರುವುದಿಲ್ಲ, ಆದರೆ ಎಳ್ಳು ಹದವಾಗಿ ಹುರಿದಿದ್ದರೆ ಅದರ ಕೊರತೆ ಕಾಣುವುದಿಲ್ಲ. ಎಳ್ಳು ಸೀಯದಂತೆ ನೋಡಿಕೋ, ಕಹಿಯಾಗುತ್ತದೆ. ಮುಳ್ಳುಸೌತೆ, ಎಲೆಕೋಸು, ಕ್ಯಾರೆಟ್‌ಗೆ ತಿನ್ನುವ ಹೊತ್ತಿಗಷ್ಟೇ ಬೆರೆಸು; ಮೊದಲೇ ಬೆರೆಸಿದರೆ ನೀರು ಬಿಟ್ಟುಕೊಳ್ಳುತ್ತದೆ. ನನಗಂತೂ ಅಂಗಡಿಯದಕ್ಕಿಂತ ಇದೇ ಹಿಡಿಸಿತು.

ಕೋಸಂಬರಿಯ ರೂಢಿಯಲ್ಲಿ ಅಮ್ಮ ಇಂಗಿನ ಒಗ್ಗರಣೆಗೆ ಹೊರಟರು. ನಾನು ಡಬ್ಬಿ ತಿರುಗಿಸಿ ತೋರಿಸಿದೆ: ಗೋಧಿಹಿಟ್ಟು! ಅಂಗಡಿಯ ಇಂಗು ಅಪ್ಪಟವಲ್ಲ ಅಕ್ಕಾ, ಅಂಟು ಮತ್ತು ಹಿಟ್ಟು ಬೆರೆತದ್ದು. ಆ ಹಿಟ್ಟು ಬಹಳ ಸಲ ಗೋಧಿಯದೇ. ಅಮ್ಮನಿಗೆ ನಂಬಲಾಗಲಿಲ್ಲ. ಚಪಾತಿ ಬಿಟ್ಟ ಮೇಲೂ ಪುಟ್ಟಿಗೆ ಆಗಾಗ ಹೊಟ್ಟೆನೋವು ಬರುತ್ತದಲ್ಲ, ದಿನಾ ಸಾರಿಗೆ ಬೀಳುವ ಇಂಗೂ ಒಂದು ಕಾರಣವಿರಬಹುದು. ಡಾಕ್ಟರ ಹತ್ತಿರ ಈ ಮಾತು ಎತ್ತು. ನಿನ್ನ ಡಬ್ಬಿಯನ್ನು ಇವತ್ತೇ ಓದು. ಗೋಧಿ ಎಂದಿದ್ದರೆ ಅಕ್ಕಿಹಿಟ್ಟಿನ ಇಂಗು ಕೇಳಿ ತರಿಸು. ಅವಳ ಚಮಚ, ಒಗ್ಗರಣೆ ಸೌಟು ಬೇರೆಯೇ ಇರಲಿ.

ಬುಧವಾರ ಬರುತ್ತೇನೆ. ಎಳ್ಳು, ಎಳ್ಳೆಣ್ಣೆ ತರಿಸಿಟ್ಟಿರು, ಅವಳ ಕೈಯಲ್ಲೇ ಮಾಡಿಸೋಣ.

ಇಂತಿ,
ನಿನ್ನ ತಂಗಿ